ಹಂದಿ ಉಪಕಾರ

ಮೇಸ್ತ್ರಿಯ ಬಾಯಿಂದ ಒಮ್ಮೆಯಾದರೂ ‘ಹಂದಿ’ ಅನ್ನಿಸಿಕೊಳ್ಳದವರು ಆ ಬೀದಿಯಲ್ಲಿ ಯಾರಾದರೂ ಇದ್ದರೆ ಅವರು ಇನ್ನೂ ತೊಟ್ಟಿಲಲ್ಲಿದ್ದಾರೆ ಎಂದೇ ಅರ್ಥ. ಅವನ ಮರಗೆಲಸದ ಅಂಗಡಿಯಲ್ಲಿ ಬಾಗಿಲು, ಕಿಟಕಿ, ಚೌಕಟ್ಟುಗಳ ಜೊತೆಗೆ ಬೈಗುಳವೂ ತಯಾರಾಗುತ್ತಿತ್ತು. ಎರಡು ಹಲಗೆಗಳ ಸಂದು ಸರಿಯಾಗಿ ಕೂರದೆ ಬಿಟ್ಟುಕೊಂಡಿದ್ದರೆ ಅದು ‘ಹಂದಿ ಬಾಯಿ’. ಕೀಸಿದ ಮೇಲೂ ಹಲಗೆ ತರಿತರಿಯಾಗಿದ್ದರೆ ‘ಹಂದಿ ಬೆನ್ನು’. ಹೇಳಿದ ದಿನಕ್ಕೆ ಮರ ಕಳಿಸದ ಸಾಮಿಲ್ಲಿನವನು ‘ಹಂದಿ ಮೂತಿಯವನು’. ಕಳಿಸಿದ ದಿನವೂ ಅವನಿಗೆ ಅದೇ ಹೆಸರು, ಮೂತಿ ಎಲ್ಲಿ ಹೋಗುತ್ತದೆ?

ಇಷ್ಟೂ ಸಾಲದೆ ಮೇಸ್ತ್ರಿ ಬೇರೆ ಪ್ರಾಣಿಗಳ ಗಾದೆಗಳನ್ನು ಕಿತ್ತು ತಂದು ಹಂದಿಗೇ ಕಟ್ಟಿಬಿಡುತ್ತಿದ್ದ. ಕಸ್ತೂರಿಯ ಪರಿಮಳ ತಿಳಿಯದ ಕತ್ತೆ ಅವನ ಬಾಯಲ್ಲಿ ಹಂದಿಯಾಗುತ್ತಿತ್ತು. ಲೋಕವೆಲ್ಲ ಕೋಣನ ಮುಂದೆ ಬಾರಿಸುವ ಕಿನ್ನರಿಯನ್ನು ಅವನು ಹಂದಿಯ ಮುಂದೆ ಬಾರಿಸುತ್ತಿದ್ದ. ತಾನೂ ಕೆಟ್ಟು ವನವನ್ನೂ ಕೆಡಿಸಿದ ಕೋತಿಯ ಪಾಪವೂ ಹಂದಿಯ ತಲೆಗೇ. ನಾಯಿ ಬಾಲದ ಡೊಂಕನ್ನು ಹಂದಿಗೆ ದಾಟಿಸಿದಾಗ ಮಾತ್ರ ಯಾರೂ ತಕರಾರು ತೆಗೆಯುವಂತಿರಲಿಲ್ಲ.

ಹರೆಯದಿಂದ ಅವನ ಜೊತೆಗೇ ದುಡಿಯುತ್ತಿದ್ದ ಕುಳ್ಳ ಹೊಸದಾಗಿ ಕೆಲಸಕ್ಕೆ ಬಂದವರಿಗೆ ಸಮಾಧಾನ ಹೇಳುತ್ತಿದ್ದ: “ಮೇಸ್ತ್ರಿ ಬೈದ್ರೆ ಬೇಜಾರು ಮಾಡ್ಕೋಬೇಡಿ. ಬೈಯದೆ ಸುಮ್ನಿದ್ರೆ ಹೆದರ್ಕೊಳ್ಳಿ.”

ಹೆದರಿಕೊಳ್ಳುವ ದಿನವೂ ಬಂತು. ಕುಳ್ಳ ಜೋಡಿಸಿದ ಚೌಕಟ್ಟೊಂದರ ಸಂದಿನಲ್ಲಿ ಕಿರುಬೆರಳು ತೂರುವಷ್ಟು ಜಾಗ ಬಿಟ್ಟಿತ್ತು. ಮೇಸ್ತ್ರಿ ಅದರೊಳಗೆ ಬೆರಳಿಟ್ಟು ನೋಡಿದ, ಕತ್ತೆತ್ತಿದ, ಬಾಯಿ ತೆರೆದ. ಮಾತು ಬರಲಿಲ್ಲ. ಉಸಿರೇ ಮೇಲೆ ಬರಲಿಲ್ಲ. ಎದೆ ಹಿಡಿದುಕೊಂಡು ಹಲಗೆಗಳ ರಾಶಿಯ ಮೇಲೆ ಕುಸಿದು ಕೂತ. ಕುಳ್ಳ ಕೈಯಲ್ಲಿದ್ದುದನ್ನು ಬಿಸಾಕಿ ಓಡಿಬಂದು, “ಬೈಯೋ ಮಾರಾಯ, ಒಂದ್ಸಲ ಬೈಯೋ!” ಎಂದು ಅವನ ಭುಜ ಅಲುಗಿಸಿದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪರದೆಯ ಮೇಲೆ ಅವನ ಹೃದಯವನ್ನೇ ತೋರಿಸಿದರು. ಬೂದು ಬಣ್ಣದ ಏನೋ ಒಂದು ಮಿಸುಕಾಡುತ್ತಿತ್ತು. ಪಕ್ಕದಲ್ಲಿ ಹೆಂಡತಿ, ಹಿಂದೆ ಸೊಸೆ ನಿಂತಿದ್ದರು.

“ಹೃದಯದಲ್ಲಿ ರಕ್ತ ಒಂದೇ ಕಡೆ ಹೋಗ್ಲಿ ಅಂತ ಪುಟ್ಟ ಪುಟ್ಟ ಬಾಗಿಲುಗಳಿರ್ತವೆ. ಅದನ್ನೇ ಕವಾಟ ಅನ್ನೋದು. ನಿಮ್ಮದೊಂದು ಬಾಗಿಲು ಗಡುಸಾಗಿಬಿಟ್ಟಿದೆ. ಪೂರ್ತಿ ತೆರೀತಿಲ್ಲ.”

“ಕೀಲು ಹಿಡ್ಕೊಂಡಿದೆಯಾ?” ಮೇಸ್ತ್ರಿ ಮುಂದಕ್ಕೆ ಬಾಗಿ ನೋಡಿದ. “ಎಣ್ಣೆ ಬಿಟ್ರೆ ಸಡಿಲ ಆಗಲ್ವಾ?”

“ಎಣ್ಣೆಗೆ ಬಗ್ಗೋ ಕಾಲ ಮುಗೀತು. ಬಾಗಿಲನ್ನೇ ಬದಲಾಯಿಸಬೇಕು. ತಡ ಮಾಡಿದ್ರೆ ಜೀವಕ್ಕೇ ಕಷ್ಟ.” ಡಾಕ್ಟರಮ್ಮ ಸಲೀಸಾಗಿ, ನೇರವಾಗಿ ಹೇಳಿದರು. “ಎರಡು ಥರದ್ದಿದೆ. ಒಂದು ಲೋಹದ್ದು. ತುಂಬಾ ಕಾಲ ಬಾಳಿಕೆ ಬರುತ್ತೆ. ಆದ್ರೆ ಬದುಕಿರೋ ತನಕ ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ತಗೋಬೇಕು. ಗಾಯ ಆದ್ರೆ ರಕ್ತ ಸುಲಭಕ್ಕೆ ನಿಲ್ಲಲ್ಲ. ನಿಮ್ಮ ಕೈ ನೋಡಿದ್ರೆ...”

ಮೇಸ್ತ್ರಿಯ ಕೈ ಮೇಜಿನ ಮೇಲಿತ್ತು. ಅದರ ತುಂಬ ಹಳೆಯ ಹೊಸ ಗಾಯದ ಗೀರುಗಳು. ಹೆಬ್ಬೆರಳಿಗೆ ಆ ದಿನದ್ದೇ ಪಟ್ಟಿ.

“...ಉಳಿ, ಗರಗಸ ಎಲ್ಲ ಬಿಡಬೇಕಾಗುತ್ತೆ. ಇನ್ನೊಂದು ಥರದ್ದು ಹಾಕಿದ್ರೆ ಆ ಮಾತ್ರೆ ಜೀವನಪೂರ್ತಿ ಬೇಕಾಗಲ್ಲ. ಗಾಯ ಮಾಗಿದ ಮೇಲೆ ಕೆಲಸಕ್ಕೆ ಹೋಗ್ಬಹುದು. ಸುಮಾರು ವರ್ಷ ಆದ್ಮೇಲೆ ಅದನ್ನ ಮತ್ತೆ ಬದಲಾಯಿಸಬೇಕಾಗಬಹುದು, ಅಷ್ಟೇ. ನಿಮಗೆ ಅದೇ ಒಳ್ಳೇದು.”

“ಅದೇ ಹಾಕಿ ಮತ್ತೆ. ಅದು ಯಾವುದರದ್ದು?”

“ಹಂದಿಯದ್ದು.”

ಮೇಸ್ತ್ರಿ ಮೇಜಿನ ಮೇಲಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಆಮೇಲೆ ಹೆಂಡತಿಯ ಸೆರಗಿನ ಹಿಂದಿನಿಂದ ಸಣ್ಣದೊಂದು ಸದ್ದು ಬಂತು. ಅಳುತ್ತಿದ್ದಾಳೆ ಎಂದು ಡಾಕ್ಟರಮ್ಮ ನೀರು ತರಿಸಲು ಹೊರಟರು. ಅವಳು ನಗು ತಡೆಯುತ್ತಿದ್ದಳು.

“ಲೋಹದ್ದೇ ಹಾಕಿ,” ಎಂದ ಮೇಸ್ತ್ರಿ.

ಮನೆಗೆ ಬಂದ ಮೇಲೂ ಅದೇ ಹಟ. ನಡುಮನೆಯ ಕುರ್ಚಿಯಲ್ಲಿ ಗೋಡೆಯ ಕಡೆ ಮುಖ ಮಾಡಿಕೊಂಡು ಕೂತ. ಹೆಂಡತಿ ಲೋಟವನ್ನು ಕುಕ್ಕಿದ ಹಾಗೆ ಇಟ್ಟಳು.

“ಉಳಿ ಬಿಟ್ಟು ಏನು ಮಾಡ್ತೀರಿ? ಮನೇಲಿ ಕೂತು ನನ್ನ ಪಾತ್ರೆ ಎಣಿಸ್ತೀರಾ?”

“ಊರಿಗೆಲ್ಲ ಹಂದಿ ಹಂದಿ ಅಂದವನು ನಾನು. ಈಗ ನನ್ನ ಎದೆಯೊಳಗೇ ಒಂದು ಇಟ್ಕೊಂಡು ಓಡಾಡಲಾ? ಸಾಮಿಲ್ಲಿನವನು ಸಿಹಿ ಹಂಚ್ತಾನೆ ಕಣೇ.”

“ಇಷ್ಟು ವರ್ಷ ಬಾಯಲ್ಲಿ ಇಟ್ಕೊಂಡಿದ್ರಿ, ಭಾರ ಆಗ್ಲಿಲ್ಲ. ಎದೇಲಿ ಇಟ್ಕೊಳ್ಳೋಕೆ ಏನು ಕಷ್ಟ?”

ಉತ್ತರವಿಲ್ಲದಾಗ ಮೇಸ್ತ್ರಿ ಯಾವಾಗಲೂ ಏನು ಅನ್ನುತ್ತಿದ್ದನೋ ಅದನ್ನೇ ಅನ್ನಲು ಬಾಯಿ ತೆರೆದ. ತೆರೆದದ್ದನ್ನು ಹಾಗೇ ಮುಚ್ಚಿದ. ಮದುವೆಯಾದಂದಿನಿಂದ ಅವಳು ಇಂಥದೊಂದು ಗೆಲುವು ಕಂಡಿರಲಿಲ್ಲ. ಅದರ ಖುಷಿ ಅವಳ ಮುಖದಲ್ಲಿ ನಿಲ್ಲಲಿಲ್ಲ. ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡಳು. ಈ ಸಲ ನಗುತ್ತಿರಲಿಲ್ಲ.

ಕೆಲವು ದಿನ ಹೀಗೇ ಕಳೆದವು. ಸೊಸೆ ಜಗಲಿಯಲ್ಲಿ ಬಾಗಿಲೊಂದಕ್ಕೆ ಪಾಲಿಶ್ ಉಜ್ಜುತ್ತಿದ್ದಳು. ಅಂಗಡಿಯ ಪಾಲಿಶ್ ಕೆಲಸವೆಲ್ಲ ಅವಳದೇ. ಅಜ್ಜಿಯ ಮಡಿಲಲ್ಲಿ ಬೆಳೆದವಳು. ಅನ್ನಕ್ಕಿಂತ ಹೆಚ್ಚಾಗಿ ಕತೆ ತಿಂದವಳು ಎಂದು ಅತ್ತೆ ಆಡಿಕೊಳ್ಳುತ್ತಿದ್ದಳು. ಕೈ ಬಾಗಿಲ ಮೇಲಿದ್ದರೂ ಕಣ್ಣು ಎಲ್ಲೋ ಮೋಡದ ಮೇಲಿರುತ್ತಿತ್ತು. ಆದರೂ ಅವಳು ಉಜ್ಜಿದ ಬಾಗಿಲಲ್ಲಿ ಮುಖ ಕಾಣುತ್ತಿತ್ತು. ಮೇಸ್ತ್ರಿ ಬಂದು ಅವಳ ಹತ್ತಿರ ಸ್ಟೂಲಿನ ಮೇಲೆ ಕೂತ.

“ಮಾವ, ಈ ಹಂದಿ ಬೈಗುಳ ನಿಮಗೆ ಎಲ್ಲಿಂದ ಬಂತು?”

“ನಮ್ಮ ಗುರುಗಳಿಂದ. ನಾನು ಮೊದಲನೇ ಸಲ ಉಳಿ ಹಿಡಿದ ದಿನವೇ ಅಂದಿದ್ರು.”

“ಅವರಿಗೆ?”

“ಅವರ ಗುರುಗಳಿಂದ ಇರಬೇಕು.”

“ಅವರಲ್ಲಿ ಯಾರಾದ್ರೂ ಹಂದಿ ಸಾಕಿದ್ರಾ?”

“ನಮ್ಮೋರಲ್ಲಿ ಯಾರಮ್ಮ ಸಾಕ್ತಾರೆ! ಮರ ಕಡಿದವರು, ಕೆತ್ತಿದವರು.” ಮೇಸ್ತ್ರಿ ಯೋಚಿಸಿದ. “ನಾನೂ ಹತ್ತಿರದಿಂದ ನೋಡಿಲ್ಲ ಅನ್ನು. ಬಸ್ಸಲ್ಲಿ ಹೋಗೋವಾಗ ದೂರದಿಂದ ಕಂಡಿರಬಹುದು.”

ಸೊಸೆ ಬಟ್ಟೆಯನ್ನು ಪಾಲಿಶ್‌ನಲ್ಲಿ ಅದ್ದಿದಳು. “ನಮ್ಮಜ್ಜಿ ಒಂದು ಕತೆ ಹೇಳ್ತಿದ್ರು. ಪ್ರಾಣಿಗಳಿಗೆಲ್ಲ ಹೆಸರು ಹಂಚಿದ ದಿನದ್ದು.”

“ಹೇಳು. ಹೆಂಗಿದ್ರೂ ಕೆಲಸ ಮಾಡೋ ಹಾಗಿಲ್ಲ.”

“ಹಂದಿ ಬೆಳಿಗ್ಗೆ ಬೇಗ ಹೋಗಿ ಸಾಲಲ್ಲಿ ನಿಂತು ತನ್ನ ಹೆಸರು ತಗೊಂಡು ಬರ್ತಿತ್ತಂತೆ. ದಾರೀಲಿ ಮೈತುಂಬ ಮುಳ್ಳಿರೋದೊಂದು ಪ್ರಾಣಿ ಅಳ್ತಾ ಕೂತಿತ್ತು. ಮುಳ್ಳು ಚುಚ್ಚುತ್ತೆ ಅಂತ ಸಾಲಲ್ಲಿ ಯಾರೂ ಅದನ್ನ ಹತ್ತಿರಕ್ಕೆ ಬಿಟ್ಟಿರ್ಲಿಲ್ಲ. ಅದರ ಸರದಿ ಬರೋ ಹೊತ್ತಿಗೆ ಹೆಸರೇ ಮುಗಿದಿತ್ತು. ಹಂದಿ ಹೇಳ್ತಂತೆ, ‘ಅಯ್ಯೋ, ಅದಕ್ಯಾಕೆ ಅಳ್ತೀಯ? ನನ್ನದೇ ಇಟ್ಕೋ.’ ಅದು ಮುಳ್ಳುಹಂದಿ ಆಯ್ತು. ಇನ್ನೊಂಚೂರು ದೂರ ಬಂದ್ರೆ ಮೈಯೆಲ್ಲ ಚಿಪ್ಪಿರೋದು, ನಾಚ್ಕೊಂಡು ಸುರುಳಿ ಸುತ್ಕೊಂಡು ಬಿದ್ದಿತ್ತು. ಅದಕ್ಕೂ ಕೊಡ್ತು. ಚಿಪ್ಪುಹಂದಿ. ಕಡಲ ದಡಕ್ಕೆ ಬಂದ್ರೆ ನೀರೊಳಗಿಂದ ಒಂದು ಮೂತಿ ಹೊರಗೆ ಹಾಕಿ, ನಾನು ಸಾಲಲ್ಲಿ ನಿಲ್ಲೋಕೆ ಕಾಲೇ ಇಲ್ವಲ್ಲ ಅಂತು. ಅದು ಕಡಲಹಂದಿ.”

“ಎಲ್ಲರಿಗೂ ಕೊಟ್ಟು ತನಗೆ?”

“ತನಗೂ ಅದೇ ಇತ್ತಲ್ಲ ಮಾವ. ಕೊಟ್ರೆ ಖಾಲಿಯಾಗೋದಲ್ಲ ಹೆಸರು. ಅದನ್ನ ನೋಡಿದ ಮನುಷ್ಯರು, ಇದು ಯಾರು ಕೇಳಿದ್ರೂ ಕೊಡುತ್ತಲ್ಲ ಅಂತ ತಮ್ಮ ಬೈಗುಳಕ್ಕೂ ಅದರ ಹೆಸರೇ ಕೇಳಿದ್ರಂತೆ. ಪಾಪ, ಅದಕ್ಕೂ ಹ್ಞೂ ಅಂತು.”

ಮೇಸ್ತ್ರಿ ಮೊಣಕಾಲು ಹಿಡಿದು ಎದ್ದ.

“ಕತೆ ಹಾಗಿರ್ಲಿ. ಮರ ನೋಡದೆ ನಾನು ಯಾವತ್ತಾದ್ರೂ ಬಾಗಿಲು ಮಾಡಿದ್ದೀನಾ?”

“ಇಲ್ಲ ಮಾವ.”

ಅದು ನಿಜವೇ. ಬೇರೆ ಮೇಸ್ತ್ರಿಗಳು ಹಲಗೆ ತರಿಸಿಕೊಳ್ಳುತ್ತಿದ್ದರು. ಇವನು ದಿಮ್ಮಿ ಇದ್ದಲ್ಲಿಗೇ ಹೋಗುತ್ತಿದ್ದ. ಸುತ್ತು ಬರುತ್ತಿದ್ದ, ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಿದ್ದ, ಮೂಸುತ್ತಿದ್ದ, ಅಂಗೈ ಇಟ್ಟು ಕಣ್ಣು ಮುಚ್ಚುತ್ತಿದ್ದ. ಒಪ್ಪಿಗೆಯಾದರೆ ಮಾತ್ರ ಮರ ಅಂಗಡಿಗೆ ಬರುತ್ತಿತ್ತು.

“ಹಾಗಾದ್ರೆ ನನ್ನ ಎದೆಗೆ ಹಾಕೋ ಬಾಗಿಲು ಯಾವ ಮಾಲಿನದ್ದು ಅಂತ ನೋಡದೆ ನಾನು ಹ್ಞೂ ಅನ್ನೋದೂ ತಪ್ಪು, ಉಹ್ಞೂ ಅನ್ನೋದೂ ತಪ್ಪು. ನಿನ್ನ ಗಂಡನಿಗೆ ಟೆಂಪೋ ತೆಗೆಯೋಕೆ ಹೇಳು.”

ಮಗ ಟೆಂಪೋದಲ್ಲಿ ಬಾಗಿಲುಗಳನ್ನು ಮನೆಮನೆಗೆ ತಲುಪಿಸುವವನು. ಯಾವ ದಾರಿಯಲ್ಲಿ ಏನಿದೆಯೆಂದು ಅವನಿಗೆ ಗೊತ್ತು. ಊರ ಹೊರಗೆ ಒಂದು ಹಂದಿ ಸಾಕಣೆ ಇತ್ತು. ಅಪ್ಪನನ್ನು ಮುಂದೆ ಕೂರಿಸಿಕೊಂಡು, ತನ್ನ ಹೆಂಡತಿಯನ್ನೂ ಹತ್ತಿಸಿಕೊಂಡು, ಗುಂಡಿ ಬಂದಲ್ಲೆಲ್ಲ ಮೆಲ್ಲಗೆ ನಡೆಸುತ್ತ ಅಲ್ಲಿಗೆ ಹೋದ.

ಸಾಕಣೆಯ ಒಡತಿ ಮೊಣಕಾಲುದ್ದದ ಬೂಟು ಹಾಕಿಕೊಂಡು ಪೈಪಿನಿಂದ ನೆಲ ತೊಳೆಯುತ್ತಿದ್ದಳು. ಇವರನ್ನು ನೋಡಿ ನೀರು ನಿಲ್ಲಿಸಿದಳು.

“ಎಷ್ಟು ಬೇಕು?”

“ಒಂದೂ ಬೇಡಮ್ಮ,” ಎಂದ ಮೇಸ್ತ್ರಿ. “ಸುಮ್ನೆ ನೋಡೋಣ ಅಂತ.”

“ನೋಡೋಕಾ?” ಅವಳು ಮೂವರನ್ನೂ ಮೇಲಿಂದ ಕೆಳಗೆ ಅಳೆದಳು. “ಇಷ್ಟು ವರ್ಷಕ್ಕೆ ನನ್ನ ಹಂದೀನ ನೋಡೋಕೆ ಅಂತ ಬಂದೋರು ನೀವೇ ಮೊದಲು. ಬನ್ನಿ. ಚಪ್ಪಲಿ ಬಿಟ್ಟು ಆ ಬೂಟು ಹಾಕ್ಕೊಳ್ಳಿ. ನಿಮ್ಮ ಕಾಲು ಕೊಳೆಯಾಗುತ್ತೆ ಅಂತಲ್ಲ, ನಿಮ್ಮ ಬೀದಿ ಕೊಳೆ ಅವಕ್ಕೆ ಅಂಟಬಾರದು.”

ಮೂಗು ಮುಚ್ಚಿಕೊಳ್ಳಲು ಸಿದ್ಧವಾಗಿ ಹೋದ ಮೇಸ್ತ್ರಿ ಕೈ ಕೆಳಗಿಳಿಸಿದ. ಹುಲ್ಲು ಹಾಸಿದ ದೊಡ್ಡಿಯಲ್ಲಿ ಒಂದು ದೊಡ್ಡ ಹೆಣ್ಣು ಹಂದಿ ಮಲಗಿತ್ತು. ಹುಲ್ಲು ಒಣಗಿ ಗರಿಗರಿಯಾಗಿತ್ತು.

“ಇದರ ಹೊಲಸೆಲ್ಲ ಎಲ್ಲಿ?”

“ಆ ಮೂಲೇಲಿ. ಜಾಗ ಸಾಕಷ್ಟಿದ್ರೆ ಅದು ಮಲಗೋ ಕಡೆ ಯಾವತ್ತೂ ಹೊಲಸು ಮಾಡ್ಕೊಳ್ಳಲ್ಲ. ಇಕ್ಕಟ್ಟಲ್ಲಿ ಕೂಡಿಹಾಕಿ ಹೇಸಿಗೆ ಪ್ರಾಣಿ ಅಂದ್ರೆ ಅದೇನು ಮಾಡುತ್ತೆ? ನಿಮ್ಮನ್ನೂ ಸಂಡಾಸಲ್ಲೇ ಕೂಡಿಹಾಕಿದ್ರೆ ನೀವೂ ಅಷ್ಟೇ.”

“ಕೆಸರಲ್ಲಿ ಹೊರಳೋದು?”

“ಅದಕ್ಕೆ ನಮ್ಮ ಹಾಗೆ ಬೆವರೋಕೆ ಬರಲ್ಲ ಯಜಮಾನ್ರೇ. ಮೈ ತಂಪು ಮಾಡ್ಕೊಳ್ಳುತ್ತೆ. ನೀವು ಫ್ಯಾನ್ ಹಾಕ್ಕೊಳ್ಳಲ್ವಾ?”

ಮೇಸ್ತ್ರಿ ತನಗೆ ಗೊತ್ತಿದ್ದ ರೀತಿಯಲ್ಲೇ ಮುಂದುವರಿದ. ಹಂದಿಗೆ ಒಂದು ಸುತ್ತು ಬಂದ. ಬಗ್ಗಿ ಮೂಸಿದ. ಆಮೇಲೆ, ದಿಮ್ಮಿಗೆ ತಟ್ಟುವ ಹಾಗೆ, ಬೆರಳ ಗೆಣ್ಣಿನಿಂದ ಅದರ ಪಕ್ಕೆಗೆ ಟಕ್ ಟಕ್ ಎಂದು ತಟ್ಟಿ ಕಿವಿಗೊಟ್ಟ.

ಒಡತಿ ಸೊಂಟದ ಮೇಲೆ ಕೈಯಿಟ್ಟಳು. “ಯಾರಾದ್ರೂ ಬಾಗಿಲು ತೆಗೀತಾರೆ ಅಂತ ಕಾಯ್ತಿದ್ದೀರಾ?”

ಸೊಸೆ ಬಿದ್ದು ಬಿದ್ದು ನಕ್ಕಳು. ಹಂದಿ ಒಂದು ಕಣ್ಣು ತೆರೆದು ಮೇಸ್ತ್ರಿಯನ್ನು ನೋಡಿ ‘ಹುಂ’ ಎಂದಿತು. ಬೇಸರವೇನಿರಲಿಲ್ಲ ಅದರಲ್ಲಿ, ಮಧ್ಯಾಹ್ನ ಎಬ್ಬಿಸಿದರೆ ಹೆಂಡತಿಯೂ ಹೀಗೇ ಅನ್ನುತ್ತಿದ್ದಳು.

ಹೊರಗೆ ಬರುವಾಗ ದೊಡ್ಡಿಯ ಬಾಗಿಲು ಮೇಸ್ತ್ರಿಯ ಕಣ್ಣಿಗೆ ಬಿತ್ತು. ಒಂದು ಕೀಲು ಕಿತ್ತು, ಬಾಗಿಲು ನೆಲಕ್ಕೆ ಜೋತು, ತಂತಿಯಲ್ಲಿ ಕಟ್ಟಿಸಿಕೊಂಡು ನಿಂತಿತ್ತು. ಅಂಥ ಬಾಗಿಲನ್ನು ಹಾಗೇ ಬಿಟ್ಟು ಮುಂದೆ ಹೋಗುವುದು ಅವನ ಜಾತಕದಲ್ಲೇ ಇರಲಿಲ್ಲ. ಟೆಂಪೋದಿಂದ ಸಾಮಾನಿನ ಚೀಲ ತರಿಸಿದ. ಮಗ “ನಾನು ಮಾಡ್ತೀನಿ ಅಪ್ಪ” ಅನ್ನುವಷ್ಟರಲ್ಲಿ ಉಳಿ ಮೇಸ್ತ್ರಿಯ ಎಡಗೈಯಲ್ಲಿತ್ತು, ಕೊಡತಿ ಬಲಗೈಯಲ್ಲಿ. ಕೀಲು ಕೂರುವ ಜಾಗ ಕೆತ್ತಲು ಒಂದು ಏಟು ಹಾಕಿದ. ಚಕ್ಕೆ ಹಾರಿತು. ಎಷ್ಟು ದಿನವಾಗಿತ್ತು ಆ ಸದ್ದು ಕೇಳಿ! ಇನ್ನೊಂದು ಏಟಿಗೆ ಎತ್ತಿದ ಕೈ ಅರ್ಧಕ್ಕೇ ನಿಂತಿತು. ಕಣ್ಣು ಕತ್ತಲಿಟ್ಟಿತು. ಸೊಸೆ ಹಿಡಿದುಕೊಳ್ಳದಿದ್ದರೆ ಬೀಳುತ್ತಿದ್ದ. ಅವಳು ಅವನನ್ನು ದೊಡ್ಡಿಯೊಳಗಿನ ಹುಲ್ಲಿನ ಮೇಲೆ, ಗೋಡೆಗೆ ಒರಗಿಸಿ ಕೂರಿಸಿದಳು.

ಎದೆಯೊಳಗೆ ಆ ಗಡುಸು ಬಾಗಿಲು ತೆರೆಯಲೊಲ್ಲದೆ ಒದ್ದಾಡುತ್ತಿತ್ತು. ಮೇಸ್ತ್ರಿ ತನ್ನ ಕೈ ನೋಡಿಕೊಂಡ. ಉಳಿ ಇನ್ನೂ ಅದರಲ್ಲೇ ಇತ್ತು. ಉಸಿರು ಹೋದರೂ ಬೆರಳು ಅದನ್ನು ಬಿಟ್ಟಿರಲಿಲ್ಲ. ಇದನ್ನು ಬಿಡು ಅಂದರೆ ಈ ಬೆರಳುಗಳು ಇನ್ನೇನನ್ನು ಹಿಡಿದಾವು? ಬೇರೆ ಏನು ಗೊತ್ತು ಇವಕ್ಕೆ?

ಆಗ ಬೆನ್ನ ಪಕ್ಕ ಏನೋ ಬೆಚ್ಚಗಿನ ಭಾರ ಒರಗಿತು. ಹಂದಿ ಎದ್ದು ಬಂದು, ಅವನ ಮಗ್ಗುಲಿಗೆ ‘ಉಫ್’ ಎಂದು ಮೈ ಚೆಲ್ಲಿ ಮಲಗಿತ್ತು. ಮೇಸ್ತ್ರಿ ಅಂಗೈಯನ್ನು ಅದರ ಪಕ್ಕೆಯ ಮೇಲಿಟ್ಟ. ಒರಟು ಕೂದಲಿನ ಕೆಳಗೆ, ದಪ್ಪ ಚರ್ಮದ ಕೆಳಗೆ, ತೆರೆದು ಮುಚ್ಚಿ ತೆರೆದು ಮುಚ್ಚಿ, ಒಂದಿಷ್ಟೂ ಸಿಕ್ಕಿಕೊಳ್ಳದೆ ಕೆಲಸ ನಡೆಯುತ್ತಿತ್ತು. ಅವನು ಕಣ್ಣು ಮುಚ್ಚಿದ. ಅವನ ಉಸಿರು ತಹಬಂದಿಗೆ ಬರುವವರೆಗೂ ಆ ಕೈ ಅಲ್ಲೇ ಇತ್ತು.

“ಒಳ್ಳೇ ಮಾಲು,” ಎಂದ ಕೊನೆಗೆ. “ಸೊಗಸಾದ ಕೆಲಸ. ಇದನ್ನ ಮಾಡಿದವನು ನನಗಿಂತ ದೊಡ್ಡ ಮೇಸ್ತ್ರಿ ಕಣಮ್ಮ. ಡಾಕ್ಟರಮ್ಮನಿಗೆ ಫೋನ್ ಮಾಡು. ಹಂದಿದೇ ಹಾಕ್ಲಿ.”

ಮಗ ಬಾಗಿಲು ಕೂರಿಸಿದ. ಮೇಸ್ತ್ರಿ ಕೂತಲ್ಲಿಂದಲೇ “ಸ್ವಲ್ಪ ಮೇಲೆ, ಇನ್ನೊಂಚೂರು, ಹಾಂ” ಎನ್ನುತ್ತಿದ್ದ. ಮಗನ ಮೊದಲ ಮೊಳೆ ಸೊಟ್ಟ ಹೋಯಿತು. ಮೇಸ್ತ್ರಿ ಬಾಯಿ ತೆರೆದ. ಮಗ್ಗುಲಲ್ಲಿದ್ದ ಹಂದಿಯ ಮುಖ ನೋಡಿದ. “ನಿಧಾನ ಮಾಡಪ್ಪ” ಎಂದ. ಮಗ ಗಾಬರಿಯಾಗಿ ತಿರುಗಿ ನೋಡಿದ.

ಆಪರೇಷನ್ ಆಯಿತು. ಹೊರಗೆ ಬೆಂಚಿನ ಮೇಲೆ ಹೆಂಡತಿ, ಸೊಸೆ, ಮಗ, ಕುಳ್ಳ ಒಬ್ಬರ ಕೈ ಒಬ್ಬರು ಹಿಡಿದು ಕೂತಿದ್ದರು. ಡಾಕ್ಟರಮ್ಮ ಬಂದು ಬಾಗಿಲು ಚೆನ್ನಾಗಿ ಕೂತಿದೆ ಎಂದಾಗ ಕುಳ್ಳ ಮಗುವಿನ ಹಾಗೆ ಅತ್ತುಬಿಟ್ಟ. ಎಚ್ಚರವಾಗಿ, ಮಾತು ಬರುವಷ್ಟು ಚೇತರಿಸಿಕೊಂಡ ಮೇಲೆ ಮೇಸ್ತ್ರಿ ಕೇಳಿದ ಮೊದಲ ಪ್ರಶ್ನೆಗೆ ಡಾಕ್ಟರಮ್ಮ ಸಿದ್ಧವಾಗಿರಲಿಲ್ಲ.

“ಅದು ಯಾವ ಹಂದಿ ಡಾಕ್ಟರೇ?”

“ಯಾವುದು ಅಂದ್ರೆ?”

“ಗಂಡೋ ಹೆಣ್ಣೋ? ಎಲ್ಲಿದ್ದದ್ದು? ಅದನ್ನ ಸಾಕಿದವರು ಯಾರು?”

“ಅದು ನಮಗೂ ಗೊತ್ತಾಗಲ್ಲ ಮೇಸ್ತ್ರೀ. ಎಲ್ಲೋ ಸಾಕಿರ್ತಾರೆ, ಎಲ್ಲೋ ಶುದ್ಧ ಮಾಡಿ ತಯಾರಿಸ್ತಾರೆ. ನಮಗೆ ಡಬ್ಬಿಯಲ್ಲಿ ಬರುತ್ತೆ.”

ಮೇಸ್ತ್ರಿ ಚಾವಣಿ ನೋಡುತ್ತ ಮಲಗಿದ. ಬದುಕಿನಲ್ಲಿ ಯಾರ ಹಂಗೂ ಇಟ್ಟುಕೊಂಡವನಲ್ಲ. ಒಬ್ಬರು ಒಂದು ಹಿಡಿ ಮೊಳೆ ಕೊಟ್ಟರೆ ಅವರ ಮನೆಯ ಒಂದು ಕುರ್ಚಿ ರಿಪೇರಿ ಮಾಡಿಕೊಟ್ಟು ಬರುತ್ತಿದ್ದ. ಇದಕ್ಕೆ ಎಲ್ಲಿಗೆ ಹೋಗಿ ಏನು ರಿಪೇರಿ ಮಾಡಿಕೊಡುವುದು? ಕೊಟ್ಟ ಪ್ರಾಣಿ ಈಗ ಇಲ್ಲ. ಕೊಡುತ್ತೀಯಾ ಎಂದು ಅದನ್ನು ಯಾರೂ ಕೇಳಲೂ ಇಲ್ಲ. ಅವನ ಕಣ್ಣಂಚಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ಹೆಂಡತಿ ಸೆರಗಿನಿಂದ ಒರೆಸಿದಳು.

“ನೋಯ್ತಿದೆಯೇನ್ರೀ?”

“ಇಲ್ವೇ. ಯಾರಿಗೆ ಕೈ ಮುಗೀಬೇಕೋ ಗೊತ್ತಾಗ್ತಿಲ್ಲ.”

“ಸುಮ್ನೆ ಮುಗೀರಿ. ಹೋಗಬೇಕಾದ ಕಡೆ ಹೋಗುತ್ತೆ.”

ಅವನು ಹಾಗೇ ಮಾಡಿದ. ಕೈಗೆ ಸೂಜಿ ಚುಚ್ಚಿದ್ದರಿಂದ ಎರಡೂ ಕೈ ಸರಿಯಾಗಿ ಕೂಡಲಿಲ್ಲ.

ಗಾಯ ಮಾಗಿ, ಡಾಕ್ಟರಮ್ಮ ಒಪ್ಪಿ, ಅವನು ಅಂಗಡಿಗೆ ಮರಳಿದಾಗ ಬೀದಿಯೇ ಬಾಗಿಲಲ್ಲಿ ನೆರೆದಿತ್ತು. ಸಾಮಿಲ್ಲಿನವನು ಏನಾದರೂ ಅಂದಾನು ಎಂದು ಮೇಸ್ತ್ರಿ ಎದೆ ಸೆಟೆಸಿ ಕಾದ. ಆದರೆ ಅವನು ಒಂದು ಹಣ್ಣಿನ ಚೀಲ ಮುಂದೆ ಹಿಡಿದು, “ಈಗ ನಾವಿಬ್ಬರೂ ನೆಂಟರು ಬಿಡಿ ಮೇಸ್ತ್ರೀ” ಎಂದು ನಕ್ಕ. ಮೇಸ್ತ್ರಿಯೂ ನಕ್ಕ, ಎಷ್ಟು ನಕ್ಕನೆಂದರೆ ಹೊಲಿಗೆ ಹಾಕಿದ ಜಾಗ ಹಿಡಿದುಕೊಳ್ಳಬೇಕಾಯಿತು.

ಆ ನಗುವಿನ ನಡುವೆ ಯಾರೋ ಕೇಳಿದರು, ಯಾರು ಕೊಟ್ಟಿದ್ದಂತೆ ಏನಾದರೂ ತಿಳಿಯಿತೇ ಎಂದು. “ಹೆಸರಿಲ್ಲ, ಊರಿಲ್ಲ, ತೀರಿಸೋಕೆ ದಾರಿ ಇಲ್ಲ,” ಎಂದ ಮೇಸ್ತ್ರಿ. “ಇದ್ದಷ್ಟು ದಿನ ಚೆನ್ನಾಗಿ ಕೆಲಸ ಮಾಡೋದು, ಅಷ್ಟೇ. ಹಂದಿ ಉಪಕಾರ ಕಣ್ರಯ್ಯ ಇದು.”

ಮಾತಿಗೆ ಕಾಲು ಬರಲು ಎಷ್ಟು ಹೊತ್ತು? ಮೊದಲು ಕುಳ್ಳ ತಮಾಷೆಗೆ ಹಿಡಿದುಕೊಂಡ. ಬೆಳಿಗ್ಗೆ ಬಂದಾಗ ಅಂಗಡಿಯ ಮುಂದಿನ ಕಸ ಯಾರೋ ಗುಡಿಸಿದ್ದರೆ, “ಇವತ್ತು ಯಾರೋ ಹಂದಿ ಉಪಕಾರ ಮಾಡಿದ್ದಾರೆ.” ಮೇಸ್ತ್ರಿಯ ಹೆಂಡತಿ ಬಸ್ಸಿನಲ್ಲಿ ಮರೆತ ಕನ್ನಡಕ ಮಾರನೆಯ ದಿನ ಮನೆಯ ಕಿಟಕಿಯಲ್ಲಿ ಕೂತಿದ್ದಾಗ ಅವಳೂ ಅದನ್ನೇ ಅಂದಳು, ನಗದೆಯೇ ಅಂದಳು. ಮಗನ ಟೆಂಪೋ ಗುಂಡಿಯಲ್ಲಿ ಸಿಕ್ಕಿಕೊಂಡಾಗ ಹಿಂದಿನಿಂದ ತಳ್ಳಿ, ತಿರುಗಿ ನೋಡುವಷ್ಟರಲ್ಲಿ ಮಾಯವಾದವರದ್ದೂ ಅದೇ. ಬಾಗಿಲುಗಳ ಜೊತೆ ಟೆಂಪೋ ಹತ್ತಿ ಆ ಮಾತು ಯಾವ ಯಾವ ಬೀದಿಗೆ ಹೋಯಿತೋ, ಮೇಸ್ತ್ರಿ ಅದರ ಬೆನ್ನು ಹತ್ತಲಿಲ್ಲ.

ಒಂದು ಮಧ್ಯಾಹ್ನ ದೂರದ ಬಡಾವಣೆಯಲ್ಲಿ ಅವನು ಒಂದು ಹೊಸ ಮನೆಗೆ ಬಾಗಿಲು ಕೂರಿಸುತ್ತಿದ್ದ. ಕೊಡತಿ ಉಳಿಯ ಮೇಲೆ ಏಟಿಗೆ ಏಟು ಹಾಕುತ್ತಿತ್ತು, ಉಸಿರು ಅದರ ಜೊತೆಗೇ ಹೆಜ್ಜೆ ಹಾಕುತ್ತಿತ್ತು. ಮನೆಯೊಡತಿಯಾದ ಅಜ್ಜಿ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು, ತನ್ನ ಮೊಮ್ಮಗುವಿಗೆ ಯಾರೋ ಗುರುತಿಲ್ಲದವರು ರಕ್ತ ಕೊಟ್ಟು ಉಳಿಸಿದ ಕತೆ ಹೇಳಿದಳು.

“ಯಾರು ಅಂತ ಇವತ್ತಿಗೂ ಗೊತ್ತಿಲ್ಲಪ್ಪ. ಹಂದಿ ಉಪಕಾರ ಅಂತಾರಲ್ಲ, ಹಾಗೆ.”

ಮೇಸ್ತ್ರಿಯ ಕೊಡತಿ ನಿಂತಿತು. “ಏನು ಉಪಕಾರ ಅಂದ್ರಿ?”

“ಕೇಳಿಲ್ವಾ? ಬಹಳ ಹಳೇ ಗಾದೆ. ನಮ್ಮ ಮುತ್ತಜ್ಜಿ ಮಾತುಮಾತಿಗೂ ಹೇಳ್ತಿದ್ರು. ಹಿಂದೆ ಒಂದು ಕಾಡಲ್ಲಿ ಒಬ್ಬ ರಾಜ ದಾರಿ ತಪ್ಪಿದ್ನಂತೆ...”

ಅಜ್ಜಿ ಕತೆ ಹೇಳತೊಡಗಿದಳು. ಬಾಯಾರಿದ ರಾಜ, ನೆಲ ಬಗೆದು ನೀರು ತೋರಿಸಿ ಹೊರಟುಹೋದ ಹಂದಿ, ಆಮೇಲೆ ಅದನ್ನು ಹುಡುಕುತ್ತ ಕಾಡೆಲ್ಲ ಅಲೆದ ರಾಜ. ಮೇಸ್ತ್ರಿ ಚೌಕಟ್ಟಿಗೆ ಒರಗಿ ನಿಂತು ಕೊನೆಯವರೆಗೂ ಕೇಳಿದ.

“ಸಿಕ್ತಾ ಅಜ್ಜಿ, ರಾಜನಿಗೆ ಆ ಹಂದಿ?”

“ಎಲ್ಲಿ ಸಿಗುತ್ತೆ! ಅದಕ್ಕೇ ದಾರಿಯುದ್ದಕ್ಕೂ ಬಾವಿ ತೋಡಿಸಿದ್ನಂತೆ, ಯಾರು ಬೇಕಾದ್ರೂ ಕುಡೀಲಿ ಅಂತ.”

“ಒಳ್ಳೇ ಕೆಲಸ ಮಾಡಿದ,” ಎಂದು ಮೇಸ್ತ್ರಿ ಕೀಲಿನ ಕೊನೆಯ ಸ್ಕ್ರೂ ಬಿಗಿದು, ಬಾಗಿಲನ್ನು ಒಂದು ಬೆರಳಿನಿಂದ ದೂಡಿದ. ಅದು ಸದ್ದಿಲ್ಲದೆ ತೆರೆಯಿತು, ಸದ್ದಿಲ್ಲದೆ ಬಂದು ಮುಚ್ಚಿಕೊಂಡಿತು. ಅಜ್ಜಿಯ ಅಡುಗೆಮನೆಯಲ್ಲಿ ಒಂದು ಕಪಾಟಿನ ಬಾಗಿಲು ಜೋತಾಡುತ್ತಿರುವುದನ್ನು ಅವನು ಬರುವಾಗಲೇ ನೋಡಿದ್ದ. ಯಾರೂ ಹೇಳಿರಲಿಲ್ಲ. ಚೀಲ ಎತ್ತಿಕೊಂಡು ಒಳಗೆ ಹೋದ.